ಭಂಡಾರ ಹಚ್ಚಿದ ವೈರು

ಚಿತ್ರ ಒಂದ ವೈರಿನಾಗ ಬರ್ತೈತಿ, ಸಪ್ಪಳ ಬ್ಯಾರೆ ವೈರಿನಾಗ. ಎರಡೂ ಕೂಡಸಿ ಹೋಮ್ ಥಿಯೇಟರ್ ಚಾಲೂ ಮಾಡಿ ಕೊಡೋದು ನನ್ನ ಕೆಲಸ. ಐದ ನಿಮಿಷದ್ದು, ಮನಿಮಂದಿ ಸುಮ್ನ ಕುಂತ್ರ. ಸುಮ್ನ ಕುಂತ ಮನಿ ನಾ ಇನ್ನೂ ನೋಡಿಲ್ಲ.

ಹೋದ ವರ್ಷ ಸಿಂದಗಿಯ ನಮ್ಮ ಅಂಗಡಿ ಸಾವಕಾರ ಖಡಕ್ಕಾಗಿ ಹೇಳಿಬಿಟ್ಟ: “ಇನ್ನೊಂದ ತಕರಾರ ಬರ್ಲಿ, ನಿನ್ನ ದಾರಿ ನೀ ಹಿಡಿ.” ಆಗಷ್ಟ ಬಾಗೇವಾಡಿಯಾಗ ನನಗೊಂದು ಹೆಣ್ಣ ನೋಡಿದ್ರು. ನನ್ನ ಮಾರಿ ನೋಡಿ ಯಾರ ಕೊಡ್ತಾರ, ಕೆಲಸ ನೋಡಿ ಮಾತ ತಗದಿದ್ರು. ಕೆಲಸ ಹೋತಂದ್ರ ಹೆಣ್ಣೂ ಹೋತು. ಜೀವಾ ಕೈಯಾಗ ಹಿಡಕೊಂಡ ತಿರಗತಿದ್ದೆ.

೧. ಎಮ್ಮಿ

ಮರುದಿನಾನ ಇಂಡಿಯಿಂದ ಮಾಸ್ತರೊಬ್ಬರ ಫೋನು. “ನಿನ್ನಿ ನೀ ಕುಂದರಿಸಿದ್ದರಾಗ ಹಾಡ ಬರ್ತೈತಿ, ಗುಡುಗ ಬರ್ತೈತಿ, ಮಾತ ಮಾತ್ರ ಬರವಲ್ದು. ಸಾವಕಾರಗ ಹೇಳ್ಲೇನು?”

“ಯಪ್ಪಾ, ಹೇಳಬ್ಯಾಡ್ರಿ, ಬಂದೆ!”

ಹೋಗಿ ನೋಡಿದ್ರ ನಡುವಿನ ಸ್ಪೀಕರ ಇಲ್ಲ. ಮಾತೆಲ್ಲಾ ಅದರಾಗ ಬರೋದು. ವೈರ್ ಹಿಡಕೊಂಡು ಹೊಂಟೆ. ಅದು ಖಿಡಕಿ ದಾಟಿ ದನದ ಕೊಟಗಿಗಿ ಹೋಗಿತ್ತು.

“ಹಾಡ ಕೇಳಿದ್ರ ಎಮ್ಮಿ ಹಾಲ ಜಾಸ್ತಿ ಕೊಡತೈತಂತ,” ಅಂದ್ರು ಮಾಸ್ತರು.

“ಸರ, ಹಾಡ ನೀವು ಕೇಳಾಕತ್ತೀರಿ. ಎಮ್ಮಿ ಧಾರಾವಾಹಿಯ ಅತ್ತಿ-ಸೊಸಿ ಜಗಳಾ ಕೇಳಾಕತ್ತೈತಿ.”

ಒಳಗಿಂದ ಅವರ ಮನಿಯವರ ದನಿ: “ಅದಕ್ಕ ಅಂತೇನಿ, ನಿನ್ನಿ ಸಂಜಿಯಿಂದ ಒದಿಯಾಕತ್ತೈತಿ!”

೨. ಸುದ್ದಿ

ಮುದ್ದೇಬಿಹಾಳದಾಗ ತಪ್ಪು ನಂದ, ಸುಳ್ಳ ಯಾಕ ಹೇಳ್ಲಿ. ಗಡಿಬಿಡಿಯಾಗ ಚಿತ್ರದ ವೈರು ಡಿಶ್ ಡಬ್ಬಿಗಿ ಹಚ್ಚಿದೆ, ಸಪ್ಪಳದ್ದು ಪೆನ್‌ಡ್ರೈವ್ ಇದ್ದ ಪ್ಲೇಯರಿಗಿ. ಕೋಟು ಹಾಕ್ಕೊಂಡು ಸುದ್ದಿ ಓದಾಂವ ಬಾಯಿ ತಗದ. ಹೊರಗ ಬಂದದ್ದು ಡೊಳ್ಳಿನ ಪದ, ಹೆಣ್ಣಮಗಳ ದನಿ!

ಮನಿ ಯಜಮಾನ ರಿಟೈರ್ ಆದ ಕಾರಕೂನ. ಚಾಳೀಸ ಏರಿಸಿ ಟಿವಿ ನೋಡಿದ, ಆಮ್ಯಾಲೆ ನನ್ನ ನೋಡಿದ. ಸತ್ತೆ ಅಂದ್ಕೊಂಡೆ.

“ತಪ್ಪಾತ್ರಿ, ಈಗ ಬದ್ಲಿ ಮಾಡ್ತೇನಿ.”

“ಮುಟ್ಟಿಗಿಟ್ಟೀ! ಸುದ್ದಿ ನೋಡಿದ್ರೂ ನನ್ನ ಬಿಪಿ ಏರಲಾರದ್ದು ಇವತ್ತ ಮೊದಲ.”

೩. ಬೀಗರ ಮನಿ

ಕಡೀಕ ಬಾಗೇವಾಡಿ. ಹುಡುಗೀ ಅಪ್ಪ ತಾನ ಬಂದು ನಮ್ಮ ಅಂಗಡ್ಯಾಗ ಹೋಮ್ ಥಿಯೇಟರ್ ತಗೊಂಡು, “ಅದ ಹುಡುಗನ್ನ ಕಳಸ್ರಿ, ಕೆಲಸ ನೋಡೂನು,” ಅಂದಿದ್ದ. ಜಮಖಾನಿ ಹಾಸಿ ಹತ್ತ ಮಂದಿ ಕುಂತಿದ್ರು.

ಹಳದಿ ಪಿನ್ನು ಚಿತ್ರಕ್ಕ, ಕೆಂಪು-ಬಿಳಿ ಸಪ್ಪಳಕ್ಕ. ಡಬ್ಬಿ ತಗದು ನೋಡ್ತೇನಿ, ಎಲ್ಲಾ ಹಳದಿ! ಹೊಸಾ ಸಾಮಾನು ಅಂತ ಹುಡುಗಿಯ ಅಜ್ಜಿ ಮುಂಜಾನೇನ ಪೂಜಿ ಮಾಡಿ, ಪಿನ್ನಿಗಿ, ತೂತಿಗಿ, ಎಲ್ಲಾದಕ್ಕೂ ದೇವರ ಭಂಡಾರ, ಅಂದ್ರ ಅರಿಷಿಣ ಪುಡಿ, ಹಚ್ಚಿದ್ಲು. ಒರಸಾಕ ಅರಿವಿ ತಗದೆ.

“ಏ ಹುಚ್ಚಪ್ಯಾ! ದೇವರ ಭಂಡಾರ ಒರಸ್ತಿ?” ಅಂದ್ಲು ಅಜ್ಜಿ.

ಅಂದಾಜಿನ ಮ್ಯಾಲೆ ಹಚ್ಚಿದೆ. ಚಿತ್ರ ಇಲ್ಲ, ಸ್ಪೀಕರ್ ಭರ್ರ್ ಅಂತು. ತಗದು ಮತ್ತ ಹಚ್ಚಿದೆ. ಮತ್ತ ಭರ್ರ್. ಹುಡುಗೀ ಅಪ್ಪ ಮೀಸಿ ತೀಡ್ಕೊಂತ, “ಬರ್ತೈತೋ ಇಲ್ಲೋ?” ಅಂದ. ಸಾವಕಾರಗ ಫೋನ್ ಮಾಡಾಕ ಮೊಬೈಲೂ ಕೈಯಾಗ ಹಿಡದ.

ಅಷ್ಟರಾಗ ಚಾ ತಂದ ಹುಡುಗಿ ತಾಟು ಕೆಳಗಿಟ್ಟು, “ಅಜ್ಜೀ, ಒರಸಬಾರ್ದು ಖರೆ, ಹಣಿಗಿ ಹಚ್ಚಿಕೊಂಡ್ರ ತಪ್ಪೇನು?” ಅಂತ ಕೇಳಿದ್ಲು.

“ಅದ್ಯಾಕ ತಪ್ಪು? ಪ್ರಸಾದ ಅದು.”

ಹುಡುಗಿ ಪಿನ್ನಿಗಿ, ತೂತಿಗಿ ಬೆರಳ ತಿಕ್ಕಿ ಅಜ್ಜಿ ಹಣಿಗಿ ಹಚ್ಚಿದ್ಲು, ಅಪ್ಪನ ಹಣಿಗಿ ಹಚ್ಚಿದ್ಲು. ಸಾಲಾಗಿ ಹತ್ತೂ ಮಂದಿಗಿ ಹಚ್ಕೊಂತ ಹೋದ್ಲು. ಪಿನ್ನು, ತೂತು ಎಲ್ಲಾ ಲಕಲಕ; ಕೆಂಪು ಕೆಂಪಾತು, ಬಿಳಿ ಬಿಳಿಯಾತು. ನಾ ಟಕ್ಕಂತ ಹಚ್ಚಿದೆ. ಚಿತ್ರಾನೂ ಬಂತು, ಸಪ್ಪಳಾನೂ ಬಂತು!

ಹುಡುಗೀ ಅಪ್ಪ ಮೊಬೈಲ್ ಕಿಸೇದಾಗ ಇಟ್ಟು ಅಂದ: “ಅಳಿಯಾ, ಹುಡುಗೀನ ನಿನಗ ಕೊಟ್ಟೆ. ನಿನ್ನ ಕೆಲಸ ಮಾತ್ರ ಆಕೀಗಿ ಕೊಟ್ಟಬಿಡಪಾ.”