ಅಮ್ಮಚ್ಚಿಯ ಸುರಿಯಾನಿ ಹಾಡು, ನನ್ನ ಕನ್ನಡ ನೋಟ್‌ಬುಕ್ಕು

ಮಲಯಾಳ ನಾಡಿನ ಗಡಿಯ ಕಾಡಿನಲ್ಲಿ, ಮುತ್ತಂಗದ ಈಚೆಗಿರುವ ನಮ್ಮ ಪುಟ್ಟ ಇಗರ್ಜಿಯಲ್ಲಿ ನಗುವಂಥದ್ದೇನಾದರೂ ನಡೆಯದ ಭಾನುವಾರವೇ ಇಲ್ಲ. ಎಲ್ಲರೂ ನಕ್ಕು ಮರೆಯುತ್ತಾರೆ, ನಾನು ತಾರೀಖು ಹಾಕಿ ಬರೆದಿಡುತ್ತೇನೆ. ಮೈಸೂರಿನಲ್ಲಿ ಬಿ.ಎ. ಮಾಡಿ ಈ ಮನೆಗೆ ಸೊಸೆಯಾಗಿ ಬಂದವಳು ಅಷ್ಟಾದರೂ ಮಾಡಬೇಡವೇ?

೧. ಅಚ್ಚನ ಷರತ್ತು

ನಮ್ಮ ಅತ್ತೆ ಊರಿಗೆಲ್ಲ ಅಮ್ಮಚ್ಚಿ. ವಯಸ್ಸು ತೊಂಬತ್ತು ದಾಟಿದೆ. ಇಗರ್ಜಿಯ ಹಳೆಯ ಪೂಜಾಭಾಷೆಯಾದ ಸುರಿಯಾನಿಯಲ್ಲಿ ಅವರ ತಾಯಿ ಕಲಿಸಿದ ಒಂದು ಹಾಡು ಈಗ ಇಡೀ ಊರಿನಲ್ಲಿ ಅವರೊಬ್ಬರಿಗೇ ಬರುತ್ತದೆ. ಅದನ್ನು ಭಾನುವಾರದ ಪೂಜೆಯಲ್ಲಿ, ಅಂದರೆ ಕುರ್ಬಾನದಲ್ಲಿ, ಇನ್ನೊಮ್ಮೆ ಕೇಳಬೇಕೆಂದು ಅವರ ಆಸೆ.

ಹೊಸ ಪಾದ್ರಿ, ಅಂದರೆ ನಮ್ಮ ಅಚ್ಚನ್, ಒಪ್ಪಲಿಲ್ಲ. “ಜನರಿಗೆ ಅರ್ಥವಾಗಬೇಕಲ್ಲ, ಅಮ್ಮಚ್ಚೀ.”

“ನಿಮ್ಮ ಪ್ರಸಂಗ ಮಲಯಾಳದಲ್ಲೇ ಇರತ್ತೆ. ಅರ್ಥವಾಯಿತು ಅಂತ ಯಾರಾದರೂ ಹೇಳಿದ್ದಾರಾ?”

ಅಚ್ಚನ್ ಒಂದು ಷರತ್ತು ಹಾಕಿದರು. ಪೆರುನಾಳಿನ, ಅಂದರೆ ಇಗರ್ಜಿ ಹಬ್ಬದ, ದಿನ ನಾಲ್ಕು ಜನ ತಪ್ಪಿಲ್ಲದೆ ಹಾಡಿದರೆ ಪ್ರತಿ ತಿಂಗಳೂ ಆ ಹಾಡು. ತಪ್ಪಿದರೆ ಆ ಮಾತು ಅಲ್ಲಿಗೇ ಮುಗಿಯಿತು.

೨. ನಾಲ್ಕನೆಯ ಗಂಟಲು

ಅಮ್ಮಚ್ಚಿ ಹೇಳಿಕೊಟ್ಟರು, ನಾನು ಕನ್ನಡ ಲಿಪಿಯಲ್ಲಿ ಬರೆದುಕೊಂಡೆ. ನಾನು, ನನ್ನ ಸೊಸೆ, ಗಂಟೆ ಹೊಡೆಯುವ ಕಪ್ಯಾರ್, ಮೂವರಾಯಿತು. ನಾಲ್ಕನೆಯವರು ಗುಂಡ್ಲುಪೇಟೆಯಿಂದ ಬಂದು ಇಲ್ಲೇ ನೆಲೆಸಿದ ತರಕಾರಿ ಅಂಗಡಿಯವರು. ಭಜನೆಯಲ್ಲಿ ಪಳಗಿದ ಕಂಠ.

“ಅಮ್ಮಾವ್ರೇ, ನನಗೆ ಒಂದು ಮಾತೂ ಅರ್ಥವಾಗಲ್ಲ.”

“ಇಲ್ಲಿ ಯಾರಿಗೂ ಆಗಲ್ಲ. ಧೈರ್ಯವಾಗಿ ಹಾಡಿ. ನಾನು ಬರೆದದ್ದರಲ್ಲಿ ಒಂದಕ್ಷರವನ್ನೂ ಬಿಡಬೇಡಿ.”

೩. ಆನೆಯ ಅಭಿಪ್ರಾಯ

ಸಂಜೆ ಜಗಲಿಯಲ್ಲಿ ಅಭ್ಯಾಸ. ಒಂದು ವಾರವಾದ ಮೇಲೆ ಕಾಡಿನ ವಾಚರ್ ಬಂದ. ಗದ್ದಲವಾಯಿತೇನೋ ಎಂದು ನಾನು ಕ್ಷಮೆ ಕೇಳಹೊರಟೆ.

“ಇಲ್ಲ ಚೇಚೀ, ನಿಲ್ಲಿಸಬೇಡಿ. ನೀವು ಶುರು ಮಾಡಿದ ದಿನದಿಂದ ಆನೆ ಈ ಕಡೆ ತಲೆ ಹಾಕಿಲ್ಲ.”

೪. ಪೆರುನಾಳು

ಹಿಂದಿನ ದಿನ ಹಾಡನ್ನು ಹೊಸ ನೋಟ್‌ಬುಕ್ಕಿಗೆ ಅಂದವಾಗಿ ನಕಲು ಮಾಡಿದೆ. ಅಂಚಿನಲ್ಲಿ ನನಗಾಗಿ ಬರೆದುಕೊಂಡಿದ್ದ ಸೂಚನೆಯೂ ಅದೇ ಅಕ್ಷರದಲ್ಲಿ ಸಾಲಿನೊಳಗೆ ಸೇರಿಹೋಯಿತು.

ಅಂಗಡಿಯವರು ಒಂದೊಂದೇ ಸಾಲು ಹೇಳಿಕೊಡಬೇಕು, ನಾವು ಮೂವರು, ನಮ್ಮ ಹಿಂದೆ ಇಡೀ ಇಗರ್ಜಿ ತಿರುಗಿ ಹಾಡಬೇಕು. ಎಲ್ಲ ಸುಸೂತ್ರವಾಗಿ ಸಾಗಿತ್ತು. ಮೂರನೆಯ ಚರಣದಲ್ಲಿ ಅವರು ನನ್ನ ಹೊಸ ನೋಟ್‌ಬುಕ್ಕಿನ ಮೇಲೆ ಕಣ್ಣಿಟ್ಟು, ಅದೇ ರಾಗದಲ್ಲಿ ಎತ್ತಿದರು:

“ಇಲ್ಲಿ ಉಸಿರು ತಗೋಬೇಕು, ಸೊಸೆ ಗಡಿಬಿಡಿ ಮಾಡ್ತಾಳೆ...”

ಇಡೀ ಇಗರ್ಜಿ ಕೈಮುಗಿದು ಅದನ್ನು ಎರಡು ಸಲ ಹಾಡಿತು. ಉಸಿರು ಮಾತ್ರ ಯಾರೂ ತಗೊಳ್ಳಲಿಲ್ಲ, ನಾನಂತೂ ಇಲ್ಲವೇ ಇಲ್ಲ.

ಹೊರಗೆ ಬಂದು ಅಂಗಡಿಯವರನ್ನು ಹಿಡಿದುಕೊಂಡೆ. “ಒಂದಕ್ಷರವನ್ನೂ ಬಿಡಬೇಡಿ ಅಂದಿದ್ದು ನೀವೇ” ಅಂದರು.

ಅಷ್ಟರಲ್ಲಿ ಅಚ್ಚನ್ ಕಣ್ಣೊರೆಸಿಕೊಳ್ಳುತ್ತ ಬಂದರು. ಬೇರೆ ಜಿಲ್ಲೆಯವರು, ಕನ್ನಡ ಗೊತ್ತಿಲ್ಲ. ನೇರವಾಗಿ ಅಮ್ಮಚ್ಚಿಯ ಮುಂದೆ ನಿಂತು ಕೇಳಿದರು: “ನೀವೇ ಹೇಳಿ. ತಪ್ಪೇನಾದರೂ ಆಯಿತಾ?”

ನಲವತ್ತು ವರ್ಷ ನನ್ನ ಜೊತೆ ಬಾಳಿದ ಅಮ್ಮಚ್ಚಿಗೆ ಕನ್ನಡ ಚೆನ್ನಾಗಿಯೇ ಬರುತ್ತದೆ. ನನ್ನನ್ನು ನೋಡಿದರು. ನನ್ನ ಸೊಸೆಯನ್ನು ನೋಡಿದರು. ಆಮೇಲೆ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು.

“ಒಂದು ತಪ್ಪೂ ಇಲ್ಲ, ಅಚ್ಚಾ. ನನಗೆ ಕಲಿಸುವಾಗ ನಮ್ಮಮ್ಮ ಒಂದು ಸಾಲು ಮರೆತಿದ್ದಳು. ಇವತ್ತು ಸಿಕ್ಕಿತು.”

ಈಗ ಪ್ರತಿ ತಿಂಗಳೂ ಆ ಹಾಡು ಹಾಡುತ್ತೇವೆ. ಆ ಸಾಲನ್ನು ಬಿಡಲು ಅಚ್ಚನ್ ಒಪ್ಪುತ್ತಿಲ್ಲ.