ಸಿದ್ರಾಮನ ಎರಡು ಗೆಲುವು

ಎಲ್ಲಕ್ಕೂ ಕಾರಣ ಚದುರಂಗದ ಪಾಠಕ್ಕೆ ಬರುವ ಹುಡುಗನೊಬ್ಬನ ತಾಯಿ ದೀಪಾಲಿ ವಾಟ್ಸಾಪಿನಲ್ಲಿ ಕೇಳಿದ ನಾಲ್ಕು ಪದಗಳ ಪ್ರಶ್ನೆ: "ಗುರೂಜಿ, ನೀವ ಎಲ್ಲೆರ ಗೆದ್ದೀರೇನ್ರಿ?"

ಸಿದ್ರಾಮ ಕೊರೋಚಿಯಲ್ಲಿ ಆಬಾಸಾಹೇಬರ ಪವರ್‌ಲೂಮ್ ಶೆಡ್ಡಿನಲ್ಲಿ ಜಾಬರ್. ಕೆಟ್ಟ ಮಗ್ಗ ಸರಿಮಾಡುವುದು ಅವನ ಹೊಟ್ಟೆಪಾಡು; ಚದುರಂಗ ಅವನ ಜೀವ. ದಿನಾ ಬೆಳಿಗ್ಗೆ ಶೆಡ್ಡಿಗೆ ಹೋಗುವ ಮೊದಲು ಇನ್ನೂರ ಹನ್ನೆರಡು ಜನರಿಗೆ ಚದುರಂಗದ ಸುದ್ದಿ ಬರೆದು ಕಳಿಸುತ್ತಿದ್ದ. ಯಾವ ದೇಶದಲ್ಲಿ ಯಾರು ಯಾರನ್ನು ಸೋಲಿಸಿದರು, ಯಾವ ಊರಿನಲ್ಲಿ ಯಾವಾಗ ಸ್ಪರ್ಧೆ, ಕುದುರೆಯ ನಡೆ ಕಲಿಯಲು ಯಾವ ವಿಡಿಯೋ ನೋಡಬೇಕು, ಕೊನೆಗೆ ಒಂದು ಒಗಟು. ರವಿವಾರ ಶೆಡ್ಡಿನ ಮೇಲಿನ ಖೋಲಿಯಲ್ಲಿ ಹನ್ನೊಂದು ಮಕ್ಕಳಿಗೆ ಪಾಠ. ಮೊದಲು ನೂಲಿನ ಬೀಮ್ ಇಡುತ್ತಿದ್ದ ಆ ಖೋಲಿಯನ್ನು ಆಬಾಸಾಹೇಬರು ಪುಗಸಟ್ಟೆ ಬಿಟ್ಟುಕೊಟ್ಟಿದ್ದರು. ಆದರೆ ಸಿದ್ರಾಮ ಒಂದು ಸ್ಪರ್ಧೆಗೂ ಹೋದವನಲ್ಲ. ಎಲ್ಲ ಊರಿನ ಬಸ್ಸಿನ ವೇಳೆ ಬಾಯಿಪಾಠವಿದ್ದೂ ಸ್ಟ್ಯಾಂಡ್ ಬಿಟ್ಟು ಹೊರಗೆ ಹೋಗದ ಕಂಟ್ರೋಲರನಂಥವನು.

ಆ ಪ್ರಶ್ನೆಗೆ ಅವನು ಎರಡು ದಿನ ಉತ್ತರಿಸಲಿಲ್ಲ. ಉಳಿದ ಇನ್ನೂರ ಹನ್ನೊಂದು ಜನರೂ ಅವನ ಉತ್ತರಕ್ಕೆ ಕಾದರು.

ಮೂರನೆಯ ದಿನ ಆಬಾಸಾಹೇಬರು ಕರೆದರು. "ಸಿದ್ರಾಮ, ಮಂದಿ ಕೇಳೂದರಾಗ ತಪ್ಪಿಲ್ಲ. ಈಜು ಬರದಾವ ಈಜು ಕಲಸ್ತಾನಂದ್ರ ಯಾರ ಹುಡುಗೂರ್ನ ಕಳಸ್ತಾರ? ರವಿವಾರ ಗಡಹಿಂಗ್ಲಜದಾಗ ಸ್ಪರ್ಧಾ ಐತೆಂತ ನೀನಽ ಬರದೀದಿ. ಹೋಗೂನು. ಒಂದ ಪಾಯಿಂಟ್ ತಗೊಂಡ ಬಾ, ಖೋಲಿ ನಿಂದು. ಇಲ್ಲಂದ್ರ ಮತ್ತ ಬೀಮ್ ಇಡೂದು."

"ಹೋಗೂನು ಅಂದ್ರ... ನೀವೂ ಬರ್ತೀರೇನ್ರಿ?"

"ಬರದಽ? ನನ್ನ ಖೋಲಿ ಪ್ರಶ್ನೆ ಐತಿ."

ಹೀಗಾಗಿ ರವಿವಾರ ಬೆಳಿಗ್ಗೆ ಆಬಾಸಾಹೇಬರ ಜೀಪಿನಲ್ಲಿ ನಾಲ್ವರಿದ್ದರು. ಶೆಡ್ಡಿನ ಮುಕಾದಮ ಧೋಂಡಿಬಾ "ಧೈರ್ಯ ದ್ಯಾಯಲಾ, ಧೈರ್ಯ ಕೊಡಾಕ" ಎಂದು ಹತ್ತಿದ್ದ. ಪಕ್ಕದ ಮನೆಯ ಅಕ್ಕವ್ವ ಗಡಹಿಂಗ್ಲಜದಲ್ಲಿರುವ ಬಸುರಿ ತಂಗಿಮಗಳು ಮಯೂರಿಯ ಉಡಿ ತುಂಬಲು ಹೊರಟಿದ್ದಳು. ಅವಳ ಚೀಲದಲ್ಲಿ ತೆಂಗಿನಕಾಯಿ, ಅಕ್ಕಿ, ಉತ್ತತ್ತಿ, ಹಸಿರು ಖಣ ಇದ್ದವು. ಮೂವತ್ತು ವರ್ಷ ಮಗ್ಗದ ಸದ್ದಿನ ನಡುವೆ ಬಾಳಿದ ಅಕ್ಕವ್ವ ಗುಟ್ಟು ಹೇಳಿದರೂ ನಿಪ್ಪಾಣಿಗೆ ಕೇಳುತ್ತಿತ್ತು.

"ಹೆದರಬ್ಯಾಡ ಸಿದ್ರಾಮಾ," ಎಂದು ಅವಳು ಕಿವಿಯಲ್ಲಿ ಹೇಳಿದಾಗ ಜೀಪು ರಸ್ತೆಯಿಂದ ಒಂದು ಮೊಳ ಸರಿಯಿತು.

ಸ್ಪರ್ಧೆ ಒಂದು ಮಂಗಲ ಕಾರ್ಯಾಲಯದಲ್ಲಿ. ಊಟದ ಟೇಬಲ್ಲುಗಳ ಮೇಲೆ ಪಟಗಳು, ಪಕ್ಕದಲ್ಲಿ ಗಡಿಯಾರಗಳು. ನೋಡಲು ಬಂದವರಿಗೆ ಒಳಗೆ ಪ್ರವೇಶವಿಲ್ಲ, ಆಡುವವರ ಬಳಿ ಮೊಬೈಲ್ ಇರಕೂಡದು. ಸಿದ್ರಾಮ ಫೋನನ್ನು ಧೋಂಡಿಬಾನ ಕೈಗಿತ್ತು ಒಳಗೆ ಹೋದ. ಐದು ಸುತ್ತು. ಅವನಿಗೆ ಬೇಕಾದದ್ದು ಒಂದು ಗೆಲುವು.

ಮೊದಲ ಸುತ್ತಿನಲ್ಲಿ ರಾಜನಿಗೆ ಶಹ ಕೊಡುವ ಅವಕಾಶ ಸಿಕ್ಕಿತು. ಶೆಡ್ಡಿನ ರೂಢಿಯಲ್ಲಿ "ಶಹ!" ಎಂದು ಕೂಗಿದ. ಇಡೀ ಸಭಾಗೃಹ ತಿರುಗಿ ನೋಡಿತು. ಮೂರನೆಯ ಟೇಬಲ್ಲಿನ ಮುದುಕರೊಬ್ಬರು ಎದೆ ಹಿಡಿದುಕೊಂಡರು. ತೀರ್ಪು ಕೊಡುವ ಪಂಚರು ಬಂದು ದಂಡವೆಂದು ಎದುರಾಳಿಗೆ ಎರಡು ನಿಮಿಷ ಹೆಚ್ಚಿಗೆ ಕೊಟ್ಟರು; ಆ ಎರಡು ನಿಮಿಷದಲ್ಲೇ ಸಿದ್ರಾಮ ಸೋತ.

ಎರಡನೆಯದರಲ್ಲಿ ಬಾಯಿ ಬಿಗಿಹಿಡಿದ. ಆದರೆ ಜಾಬರನ ಕೈ ಸುಮ್ಮನಿರುವುದಿಲ್ಲ. ಓರೆ ಕಂಡದ್ದನ್ನು ನೆಟ್ಟಗೆ ಮಾಡುವುದು ಅದಕ್ಕೆ ಇಪ್ಪತ್ತು ವರ್ಷದ ಚಟ. ವಜೀರ ತುಸು ವಾಲಿ ನಿಂತಿದ್ದ. ಸಿದ್ರಾಮ ಎರಡು ಬೆರಳಿನಿಂದ ಅವನನ್ನು ಸರಿಮಾಡಿದ. ಮುಟ್ಟಿದ ಕಾಯಿಯನ್ನು ನಡೆಸಲೇಬೇಕು. ವಜೀರನಿಗೆ ಹೋಗಲು ಇದ್ದದ್ದು ಒಂದೇ ಮನೆ, ಅದರೆದುರು ಶತ್ರುವಿನ ಆನೆ.

ಮೂರನೆಯ ಸುತ್ತಿನ ಸೋಲನ್ನು ಅವನು ಯಾರಿಗೂ ವಿವರಿಸಲಾರ. ಆಟ ಚೆನ್ನಾಗಿಯೇ ನಡೆದಿತ್ತು. ನಡುವೆ ಒಮ್ಮೆ ತಲೆಯೆತ್ತಿದ. ಸಭಾಗೃಹದ ತುಂಬ ಜನ ಕುಳಿತಿದ್ದರೂ ಯಾರ ಉಸಿರೂ ಕೇಳುತ್ತಿರಲಿಲ್ಲ. ಹುಟ್ಟಿದಾಗಿನಿಂದ ಅವನ ಕಿವಿಯಲ್ಲಿ ಮಗ್ಗ ಬಡಿಯುತ್ತಲೇ ಇತ್ತು. ಹಬ್ಬದ ದಿನ ಕರೆಂಟು ಹೋದರೂ ಒಳಗೆಲ್ಲೋ ಖಟಖಟ ನಡೆದೇ ಇರುತ್ತಿತ್ತು. ಈಗ ಅದು ನಿಂತಿತ್ತು. ಬೇಸಿಗೆಯಲ್ಲಿ ಬಾವಿಗೆ ಇಳಿದವನಂತೆ ಸಿದ್ರಾಮ ಆ ಮೌನದಲ್ಲಿ ಕುಳಿತೇ ಇದ್ದ. ಎದುರಿನವನು ಮೆಲ್ಲಗೆ ಗಡಿಯಾರ ತೋರಿಸಿದ. ಸಿದ್ರಾಮನ ಸಮಯ ಮುಗಿದು ಹೋಗಿತ್ತು.

ನಾಲ್ಕನೆಯ ಎದುರಾಳಿ ದಾನೋಳಿಯ ಸೌರಭ, ಹಾಲಿನ ಡೇರಿಯಲ್ಲಿ ಕೆಲಸ ಮಾಡುವವನು. ಕೂರುವ ಮೊದಲು ಕಾಲಿಗೆ ನಮಸ್ಕರಿಸಿದ. ಹನ್ನೊಂದನೆಯ ನಡೆಗೆ ಮಾತ್ ಮಾಡಿ ಗೆದ್ದು, ಮತ್ತೊಮ್ಮೆ ನಮಸ್ಕರಿಸಿದ.

"ಗುರೂಜಿ, ನಿನ್ನೆ ನೀವ ಕಳಿಸಿದ್ದ ಒಗಟಽ ಇದು. ಭಾಳ ಉಪಯೋಗ ಆತ್ರಿ."

ಸಿದ್ರಾಮ ಹೊರಗೆ ಬಂದಾಗ ಮೂವರೂ ಕಾರ್ಯಾಲಯದ ಮೆಟ್ಟಿಲ ಬಳಿ ಬೇವಿನ ಮರದಡಿ ಕುಳಿತು ಖಾರದ ಚುರುಮುರಿ ಭಡಂಗ ತಿನ್ನುತ್ತಿದ್ದರು. ಅವನ ಮುಖ ನೋಡಿ ಅಕ್ಕವ್ವ ಭಡಂಗದ ಪೊಟ್ಟಣವನ್ನು ಅವನ ಕಡೆ ಸರಿಸಿದಳು. ಆಗಲೇ ಧೋಂಡಿಬಾನ ಕೈಯಲ್ಲಿದ್ದ ಫೋನು ಕುಂಯ್ ಎಂದಿತು. ಕೊನೆಯ ಸುತ್ತಿನ ಜೋಡಿಗಳು ಬಂದಿದ್ದವು.

"ಸಿದ್ರಾಮ, ಕೊರೋಚಿ," ಎಂದು ಧೋಂಡಿಬಾ ಮರಾಠಿ ಅಕ್ಷರ ಕೂಡಿಸಿ ಓದಿದ. "ಎದುರಿಗೆ... ಬಾಯ್." ಅವನ ಮುಖ ಅರಳಿತು. "ಅರೆ, ಬಾಯ್ ಆಲಿಯಾ ಬಾಯ್! ಹೆಣಮಗಳ ಬಂದಾಳೋ ನಿನಗ!"

"ಬಾಯಿ ಅಂದ್ರ ಯಾರು, ಹೆಸರಿಲ್ಲೇನ?" ಆಬಾಸಾಹೇಬರು ಕೇಳಿದರು.

"ಹೆಣಮಕ್ಕಳ ಹೆಸರ ಹಾಕಿರಂಗಿಲ್ರಿ. ಬಾಯ್ ಅಂತ ಅಷ್ಟಽ ಬರದಾರ. ಮರ್ಯಾದಿಗೆ."

ಸಿದ್ರಾಮನಿಗೆ ಮಾತ್ರ ಗೊತ್ತಿತ್ತು. ಆಟಗಾರರ ಸಂಖ್ಯೆ ಬೆಸವಾದರೆ ಒಬ್ಬನಿಗೆ ಜೊತೆ ಸಿಗುವುದಿಲ್ಲ. ಪಟ್ಟಿಯ ತಳದಲ್ಲಿರುವ ಆ ಒಬ್ಬನಿಗೆ ಆಡದೆಯೇ ಒಂದು ಪಾಯಿಂಟು ಕೊಡುತ್ತಾರೆ. ಇಂಗ್ಲಿಷಿನಲ್ಲಿ ಅದು ‘ಬೈ’, ಮರಾಠಿಯಲ್ಲಿ ಬರೆದರೆ ‘ಬಾಯ್’. ಅಂದರೆ ಅವನ ಎದುರಿಗೆ ಬಾಯಿಯೂ ಇಲ್ಲ, ಬಾಬಾನೂ ಇಲ್ಲ. ಒಂದು ಖಾಲಿ ಕುರ್ಚಿ. ಮೂವತ್ತೇಳು ಜನರಲ್ಲಿ ಕಡೆಯವನಿಗೆ ಕೊಟ್ಟ ಭಿಕ್ಷೆ. ಆದರೂ ಪಾಯಿಂಟು ಪಾಯಿಂಟೇ. ಖೋಲಿ ಉಳಿಯುತ್ತದೆ. ಹೇಳಿಬಿಡಬೇಕು ಎಂದುಕೊಂಡು ಬಾಯಿ ತೆರೆದ.

"ನಡಿ, ಹೋಗ!" ಎಂದು ಧೋಂಡಿಬಾ ಬೆನ್ನಿಗೆ ಗುದ್ದಿದ. ತೆರೆದ ಬಾಯಿ ಹಾಗೇ ಒಳಗೆ ಹೋಯಿತು.

ಒಳಗೆ ಖಾಲಿ ಕುರ್ಚಿಯ ಎದುರು ಐದು ನಿಮಿಷ ಕುಳಿತ. ಆ ಕುರ್ಚಿಯೂ ತನ್ನನ್ನು ಸೋಲಿಸಬಹುದು ಎನಿಸಿ ಎದ್ದು ಹೊರಗೆ ಬಂದ.

"ಏನಾತು?" ಎಂದರು ಆಬಾಸಾಹೇಬರು.

"ಪಾಯಿಂಟ್ ಬಂತ್ರಿ," ಎಂದ. ಇದು ನಿಜವೇ ಆಗಿತ್ತು.

"ಐದ ಮಿನಿಟಿನಾಗ?" ಧೋಂಡಿಬಾ ಕುಣಿದೇಬಿಟ್ಟ. "ಕಾಯ ಗಡೀ ಆಹೇಸ್ ರೇ! ಎಂಥಾ ಗಂಡಸೋ ನೀ!"

ಆಬಾಸಾಹೇಬರು ಹೆಗಲ ಮೇಲೆ ಕೈಯಿಟ್ಟರು. "ಖೋಲಿ ನಿಂದಪಾ."

ಅಕ್ಕವ್ವ ಮಾತ್ರ ನಗಲಿಲ್ಲ. "ಐದ ಮಿನಿಟಿನಾಗ ಸೋತಾಳಂದ್ರ ಆ ಜೀವಕ್ಕ ಹೆಂಗಾಗಿರಬೇಕ? ಎಲ್ಲಿ ಅದಾಳ ಆಕಿ? ಆ ಮೆಟ್ಟಿಲ ಮ್ಯಾಲ ಕುಂತಾಕೀನಽ?"

ಮೆಟ್ಟಿಲ ತುದಿಯಲ್ಲಿ ನಲವತ್ತರ ಹೆಂಗಸೊಬ್ಬಳು ಒಬ್ಬಳೇ ಕುಳಿತಿದ್ದಳು. ಸಿದ್ರಾಮನ ತಲೆ ‘ಅಲ್ಲ’ ಎನ್ನಲು ಹೊರಟು, ಮೂರು ಜನರ ಕಣ್ಣು ನೋಡಿ, ದಾರಿಯಲ್ಲೇ ದಿಕ್ಕು ಬದಲಿಸಿ ‘ಹೌದು’ ಎಂದು ನಿಂತಿತು.

"ಹೆಣಮಗಳನ್ನ ಅಳಿಸಿ ಖಾಲಿ ಉಡೀಲೆ ಕಳಸಬಾರ್ದು," ಎಂದು ಅಕ್ಕವ್ವ ಚೀಲ ಹೊತ್ತು ಹೊರಟೇಬಿಟ್ಟಳು. "ಮಯೂರಿಗೆ ಬಜಾರದಾಗ ಬ್ಯಾರೇದ ತಗೋತೇನಿ."

ಆ ಹೆಂಗಸಿಗೆ ಮಾತಾಡಲು ಎಡೆಯೇ ಸಿಗಲಿಲ್ಲ. ಹಣೆಗೆ ಕುಂಕುಮ ಬಿತ್ತು, ಸೆರಗಿಗೆ ಅಕ್ಕಿ, ಕಾಯಿ, ಉತ್ತತ್ತಿ, ಖಣ ಬಿದ್ದವು. "ಸೋತಿದ್ದ ಮನಸಿಗೆ ಹಚ್ಕೋಬ್ಯಾಡ ನಮ್ಮವ್ವ. ಇವತ್ತಿಂದ ನೀ ನಮ್ಮ ಮನಿಮಗಳು."

ಬೆಳಗಿನಿಂದ ಮೂರು ಆಟ ಸೋತಿದ್ದ ಅವಳು ಕಣ್ಣೊರೆಸಿಕೊಂಡಳು. "ಸೋಲೂದ ಇರತೈತ್ರಿ. ಉಡಿ ತುಂಬವರು ಇರೂದಿಲ್ಲ."

ಆಬಾಸಾಹೇಬರು ಹತ್ತಿರ ಬಂದು ಊರು, ಮನೆತನ ವಿಚಾರಿಸಿದರು. ಹೆಸರು ಜಿನಮತಿ, ಉದಗಾಂವದವಳು. ಗಂಡನದು ಹೊಲ. ಅವಳು ಹದಿನಾಲ್ಕು ಹುಡುಗಿಯರಿಗೆ ಚದುರಂಗ ಕಲಿಸುತ್ತಾಳೆ, ದನದ ಕೊಟ್ಟಿಗೆಯ ಪಡಸಾಲೆಯಲ್ಲಿ.

"ಎಮ್ಮಿ ಬಾಲ ಬೀಸಿದ್ರ ಅರ್ಧ ಕಾಯಿ ಬೀಳ್ತಾವ್ರಿ," ಎಂದಳು. "ಮತ್ತ ಮೊದಲಿಂದ ಹೂಡೂದು."

ಆಬಾಸಾಹೇಬರ ಹೆಂಡತಿಯ ತವರೂ ಉದಗಾಂವವೇ. ಎರಡು ನಿಮಿಷದಲ್ಲಿ ಜಿನಮತಿ ಅವರಿಗೆ ದೂರದ ಮಗಳಾದಳು. ಸಿದ್ರಾಮ ಬೇವಿನ ಮರದ ಮರೆಯಲ್ಲಿ ನಿಂತು ಭೂಮಿಯನ್ನು ನೋಡುತ್ತಿದ್ದ.

ಆಗ ಪಂಚರು ಬಾಗಿಲಿಗೆ ಬಂದು ಕೂಗಿದರು: "ಕೊರೋಚಿಯ ಸಿದ್ರಾಮ, ಉದಗಾಂವದ ಜಿನಮತಿ, ಇಬ್ಬರೂ ಚಲಾ ಆತ, ಒಳಗ ಬರ್ರಿ!"

"ಮತ್ಯಾಕ?" ಎಂದಳು ಅಕ್ಕವ್ವ.

"ತಕ್ರಾರ ಆಗಿರಬೇಕು. ಮತ್ತ ಆಡಸ್ತಾರ," ಎಂದು ಧೋಂಡಿಬಾ ಎಲ್ಲ ಬಲ್ಲವನಂತೆ ಹೇಳಿದ.

ಒಳಗೆ ಪಂಚರು ವಿಷಯ ತಿಳಿಸಿದರು. ಜಿನಮತಿಯ ಎದುರಾಳಿ ಬಸ್ಸಿನ ನೆಪ ಹೇಳಿ ಊರಿಗೆ ಹೋಗಿದ್ದ. ಅದಕ್ಕೇ ಅವಳನ್ನು ಹೊರಗೆ ಕಾಯಲು ಹೇಳಿದ್ದರು. ಅವಳಿಗೂ ಜೊತೆಯಿಲ್ಲ, ಇವನಿಗೂ ಜೊತೆಯಿಲ್ಲ. ಇಬ್ಬರೂ ಪುಗಸಟ್ಟೆ ಪಾಯಿಂಟು ತೆಗೆದುಕೊಳ್ಳುವುದಕ್ಕಿಂತ ಪರಸ್ಪರ ಆಡಲಿ. ಬಾಯ್ ರದ್ದು.

ಜಿನಮತಿ ಉಡಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕುಳಿತಳು. ಗಡಿಯಾರ ಒತ್ತುವ ಮೊದಲು ಮೆಲ್ಲಗೆ ಕೇಳಿದಳು: "ನಿಮ್ಮ ಮಂದಿ ನನಗ ಉಡಿ ಯಾಕ ತುಂಬಿದ್ರಿ?"

ಸಿದ್ರಾಮ ಬೆಳಗಿನಿಂದ ಮೊದಲ ಸಲ ಪೂರ್ತಿ ನಿಜ ಹೇಳಿದ. "ನಾ ನಿಮ್ಮನ್ನ ಸೋಲಿಸೇನಿ ಅಂದ್ಕೊಂಡಾರ್ರಿ."

"ಯಾವಾಗ?"

"ಈಗ ಸ್ವಲ್ಪ ಹೊತ್ತಿನ ಹಿಂದ."

ಅವಳು ಅವನನ್ನೇ ನೋಡಿದಳು. ಆಮೇಲೆ ಸದ್ದಿಲ್ಲದೆ ನಕ್ಕಳು, ಭುಜ ಅಲುಗುವಷ್ಟು. ಕುಬುಸದ ತುದಿಯಿಂದ ಒಂದು ಅಕ್ಕಿಕಾಳು ಪಟದ ಮೇಲೆ ಬಿತ್ತು. ಅದನ್ನು ತೆಗೆದು ಗಡಿಯಾರ ಒತ್ತಿದಳು.

ಆ ಆಟವನ್ನು ಸಿದ್ರಾಮ ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಆಡಿದ. ನಡೆ ನಿರ್ಧಾರವಾದಾಗ ಮಾತ್ರ ಬಲಗೈ ಹೊರಗೆ ಬರುತ್ತಿತ್ತು. ಶಹ ಕೊಟ್ಟಾಗ ತುಟಿ ಕಚ್ಚಿಕೊಂಡ. ಮೌನ ಈ ಸಲ ಅವನನ್ನು ಮುಳುಗಿಸಲಿಲ್ಲ, ಹೊತ್ತು ನಡೆಯಿತು. ಜಿನಮತಿ ಗಟ್ಟಿಯಾಗಿ ಆಡಿದಳು; ಅವಳ ಕುದುರೆಗಳು ಎಮ್ಮೆಯ ಬಾಲದಿಂದ ತಪ್ಪಿಸಿಕೊಂಡು ಬೆಳೆದ ಕುದುರೆಗಳು. ಕೊನೆಗೆ ಇಬ್ಬರ ಬಳಿಯೂ ರಾಜ ಮತ್ತು ಕೆಲವು ಪ್ಯಾದೆಗಳು ಉಳಿದವು. ಸಿದ್ರಾಮನ ಒಂದು ಪ್ಯಾದೆ ಒಂದು ಹೆಜ್ಜೆ ಮುಂದಿತ್ತು. ಆ ಒಂದು ಹೆಜ್ಜೆ ಸಾಕಾಯಿತು.

ಜಿನಮತಿ ಕೈ ಚಾಚಿದಳು. "ಚಲೋ ಆಡಿದ್ರಿ."

ನಲವತ್ತೆರಡು ವರ್ಷದ ಸಿದ್ರಾಮನಿಗೆ ಕಣ್ಣು ತುಂಬಿ ಬಂತು. ಇದು ಯಾರೂ ಕೊಟ್ಟದ್ದಲ್ಲ, ಅವನೇ ಗೆದ್ದದ್ದು. ಇನ್ನು ಸುಳ್ಳಿನ ಹಂಗಿಲ್ಲ. ಬಾಗಿಲು ದೂಡಿ ಹೊರಗೋಡಿ ಬಂದ. "ಗೆದ್ದೇನ್ರಿ! ಗೆದ್ದೆ!"

ಮರದಡಿಯಲ್ಲಿ ಯಾರೂ ಏಳಲಿಲ್ಲ.

"ಮತ್ತ ಆಕೀನಽ?" ಎಂದಳು ಅಕ್ಕವ್ವ.

"ಹೌದ..."

"ಹಾಟ್ಯಾ! ಉಡಿ ತುಂಬಿದ ಮ್ಯಾಲ ಆಕಿ ನಿನಗ ತಂಗಿ ಆದ್ಲೋ ಇಲ್ಲೋ? ಉಡ್ಯಾಗಿನ ಅಕ್ಕಿ ಇನ್ನೂ ಚೆಲ್ಲಿಲ್ಲ, ಆಗಽ ಮತ್ತ ಸೋಲಿಸಿ ಬಂದಿಯಲ್ಲ, ನಿನ್ನ ಕೈ ಸೇದಿ ಹೋಗಲಿ!"

ಧೋಂಡಿಬಾ ಕೂಡ ಮುಖ ತಿರುಗಿಸಿದ. "ಏಕದಾ ಠೀಕ ಆಹೆ. ದೋನದಾ? ಶೋಭತ ನಾಹಿ ರೇ. ಒಂದ ಸಲ ಸರಿ, ಎರಡ ಸಲ ಸೋಲಿಸೂದ ಚಂದಲ್ಲ."

ಆಬಾಸಾಹೇಬರು ನಿಧಾನವಾಗಿ ಹೇಳಿದರು: "ನಾ ಒಂದ ಪಾಯಿಂಟ್ ತಗೊಂಡ ಬಾ ಅಂದಿದ್ದೆ. ನೀ ಎರಡ ತಂದಿ. ಎರಡನೇದ್ದು ಮನಿಮಗಳ ಉಡ್ಯಾಗಿಂದ ಕಸಗೊಂಡ ಬಂದಿ. ಇಂಥಾವ ಹುಡುಗೂರಿಗೆ ಏನ ಕಲಸ್ತಾನ?"

ಅಷ್ಟರಲ್ಲಿ ಜಿನಮತಿ ಹೊರಗೆ ಬಂದಳು. ಆಬಾಸಾಹೇಬರು ಅವಳ ಕಡೆ ತಿರುಗಿದರು. "ನೀ ಹೇಳ ಮಗಳ. ಎರಡೂ ಸರ್ತಿ ಇಂವಽ ಗೆದ್ದಾನೇನ?"

ಅವಳು ಸಿದ್ರಾಮನನ್ನು ನೋಡಿದಳು. ಸುಳ್ಳು ಹೇಳುವ ಹೆಂಗಸಲ್ಲ. ಇನ್ನೊಬ್ಬರ ಸುಳ್ಳನ್ನು ಬೀದಿಗೆ ಎಳೆಯುವವಳೂ ಅಲ್ಲ.

"ಅವರನ್ನಽ ಕೇಳ್ರಿ," ಎಂದಳು.

ಚದುರಂಗದಲ್ಲಿ ಒಂದು ಸ್ಥಿತಿಯಿದೆ. ಸುಮ್ಮನೆ ಇರಬಹುದಾಗಿದ್ದರೆ ಬದುಕಿಕೊಳ್ಳುವವನಿಗೆ ಸುಮ್ಮನಿರುವ ಹಕ್ಕಿರುವುದಿಲ್ಲ. ಸರದಿ ಅವನದು, ಯಾವ ಕಾಯಿ ನಡೆಸಿದರೂ ಕೆಡುತ್ತದೆ. ಒಂದೇ ಸಲ ಗೆದ್ದೆ ಎಂದರೆ ಮೊದಲನೆಯದು ಸುಳ್ಳು, ಕುಂಕುಮ ಸುಳ್ಳು, ಉಡಿ ಸುಳ್ಳು. ಎರಡು ಸಲ ಎಂದರೆ ತಂಗಿಯ ಉಡಿಗೆ ಕೈ ಹಾಕಿದ ಕಟುಕ. ಸಿದ್ರಾಮ ಜಿನಮತಿಯ ಹಣೆಯ ಕುಂಕುಮ ನೋಡಿದ, ಅಕ್ಕವ್ವನ ಒದ್ದೆ ಕಣ್ಣು ನೋಡಿದ.

"ಹೌದ್ರಿ," ಎಂದ. "ಎರಡೂ ಸರ್ತಿ ನಾನಽ."

"ಹಂಗಾದ್ರ ಪಾಯಿಂಟ್ ನಿನಗ, ಖೋಲಿ ಆಕಿಗೆ," ಎಂದು ಆಬಾಸಾಹೇಬರು ಜಿನಮತಿಯ ತಲೆಯ ಮೇಲೆ ಕೈಯಿಟ್ಟರು. "ತವರಮನಿ ಉಡುಗೊರಿ ಅಂತ ತಿಳಕೋವಾ. ಹುಡುಗ್ಯಾರ್ನ ಕರಕೊಂಡ ಬರಾಕ ರವಿವಾರ ಜೀಪ ಕಳಸ್ತೇನಿ."

ಜಿನಮತಿ ಏನೋ ಹೇಳಲು ಬಾಯಿ ತೆರೆದಳು. ಸಿದ್ರಾಮ ಬೇಡವೆಂಬಂತೆ ಮೆಲ್ಲಗೆ ತಲೆಯಾಡಿಸಿದ. ಈ ಸಲ ತಲೆ ದಾರಿ ತಪ್ಪಲಿಲ್ಲ. ಅವಳು ಬಗ್ಗಿ ಆಬಾಸಾಹೇಬರ ಕಾಲು ಮುಟ್ಟಿದಳು. ಉಡಿ ಭಾರವಾಗಿತ್ತು. ಏಳುವಾಗ ತುಸು ವಾಲಿದಳು.

ಅಕ್ಕವ್ವ ಅವಳ ಉಡಿಯಿಂದ ಕಾಯಿ, ಅಕ್ಕಿ, ಖಣ ಎಲ್ಲವನ್ನೂ ಚೀಲಕ್ಕೆ ತುಂಬಿ ಸಿದ್ರಾಮನ ಎದೆಗೆ ಒತ್ತಿದಳು.

"ಹಿಡಿ, ಆಕೀನೂ ನಮ್ಮ ಕೂಡ ಬರ್ತಾಳ. ಜೀಪಿನತನಾ ಹೊತ್ಕೊಂಡ ನಡಿ. ಗೆದ್ದಾವ ನೀನಽ ಅಲ್ಲ?"