ನಮ್ಮ ಮನೆಯ ಫೋನೂ ಹದಿನಾಲ್ಕು ಅಕ್ಷರದ ಗುಟ್ಟೂ

ನಮ್ಮ ಮನೆಗೆ ಹೊಸ ಯಂತ್ರವೊಂದು ಬಂದರೆ ಒಂಟಿಯಾಗಿ ಬರುವುದಿಲ್ಲ. ನಗುವುದಕ್ಕೆ ನಾಲ್ಕು ಕಾರಣಗಳನ್ನು ಕಂಕುಳಲ್ಲಿ ಇಟ್ಟುಕೊಂಡೇ ಬರುತ್ತದೆ. ಮಿಕ್ಸರ್ ಬಂದಾಗಲೂ ಹಾಗೇ, ಸೋಲಾರ್ ಬಂದಾಗಲೂ ಹಾಗೇ. ಈ ಸಲ ಬಂದದ್ದು ಇಂಟರ್‌ನೆಟ್ ಮೇಲೆ ಓಡುವ ಮನೆ ಫೋನು.

ಕುಷ್ಟಗಿಯ ನಮ್ಮ ಓಣಿಯಲ್ಲಿ ಮೊಬೈಲ್ ಸಿಗ್ನಲ್ ಬೇಕೆಂದರೆ ಮಾಳಿಗೆ ಹತ್ತಬೇಕು. ಅದಕ್ಕೇ ಹಳೆಯ ತಂತಿ ಫೋನನ್ನು ನಾನು ಬಿಟ್ಟಿರಲಿಲ್ಲ. ಅದರ ನಂಬರು ಯಲಬುರ್ಗಾದ ನಾದಿನಿಯಿಂದ ಕನಕಗಿರಿಯ ಬೀಗರವರೆಗೆ ಎಲ್ಲರಿಗೂ ಬಾಯಿಪಾಠ. ಬುತ್ತಿ ಕಟ್ಟಿ ಕಳಿಸುವ ಸ್ಟೀಲ್ ಡಬ್ಬಿಗಳ ಮೇಲೆ ಉಳಿದವರು ಹೆಸರು ಕೊರೆಸುತ್ತಾರೆ. ನಾನು ಆ ನಂಬರನ್ನೇ ಕೊರೆಸಿದ್ದೇನೆ. ತಂತಿ ಕೆಟ್ಟು ಹೊಸ ಫೋನಿಗೆ ಹೋಗಲೇಬೇಕಾದಾಗ ಎರಡು ನಿಶ್ಚಯ ಮಾಡಿದೆ. ಹಳೆಯ ನಂಬರು ಕೈಬಿಡಬಾರದು. ಮನೆಯ ಗುಟ್ಟು ಒಂದೂ ಹೊರಗೆ ಹೋಗಬಾರದು. ಬಿ.ಎ. ಓದಿದವಳು ನಾನು. ಹೊಸ ನೋಟ್‌ಬುಕ್ ತೆಗೆದು, ಗೆರೆ ಎಳೆದು, ಮೊದಲ ಪುಟದಲ್ಲೇ ಎರಡನ್ನೂ ಬರೆದಿಟ್ಟೆ.

೧. ಮೂರು ಊರಿಗೆ ಒಂದೇ ಕೀಲಿ

ಫೋನಿಗೂ ಮನೆಯ ನೆಟ್ಟಿಗೂ ಸೇರಿದ ವೈಫೈ ಪೆಟ್ಟಿಗೆ ಕೂಡಿಸಲು ಬಂದ ಮೆಕ್ಯಾನಿಕ್ ಅರ್ಧ ತಾಸಿನಲ್ಲಿ ಕೆಲಸ ಮುಗಿಸಿ ಹೊರಟ. ನಾನು ಬಾಗಿಲಿಗೆ ಅಡ್ಡ ನಿಂತೆ.

“ಪಾಸ್‌ವರ್ಡ್ ಏನಿಟ್ಟೀಯಪಾ?”

“ಒಂದರಿಂದ ಎಂಟರ ತನಾ ರೀ ಅಮ್ಮಾರ.”

“ಕನಕಗಿರಿಯಾಗ ಏನಿಡ್ತೀ?”

“ಅಲ್ಲೂ ಅದ ರೀ.”

“ಯಲಬುರ್ಗಾದಾಗ?”

“ಎಲ್ಲಾ ಕಡೆ ಅದ ರೀ. ಬ್ಯಾರೆ ಬ್ಯಾರೆ ಇಟ್ರ ನನಗ ನೆನಪಿರಂಗಿಲ್ಲ.”

ಅಂದರೆ ಮೂರು ಊರಿನ ಮನೆಗಳಿಗೆಲ್ಲ ಒಂದೇ ಕೀಲಿ, ಅದೂ ಇವನ ಬಾಯಲ್ಲಿ! ಹೊಸದನ್ನು ನಾನೇ ಹಾಕುತ್ತೇನೆಂದು ಪಟ್ಟು ಹಿಡಿದೆ. ಅಕ್ಷರ, ಅಂಕಿ, ನಡುವೆ ಒಂದು ಚಿಹ್ನೆ, ಎಲ್ಲ ಕೂಡಿ ಹದಿನಾಲ್ಕು. “ನೀನು ಗ್ವಾಡಿ ಕಡೆ ಮುಖ ಮಾಡಿ ನಿಂದ್ರು,” ಎಂದೆ. ಪಾಪ, ನಿಂತ. ಒತ್ತುತ್ತಾ ಕೇಳಿದೆ, “ಖರೇ ಹೇಳು, ನಿಮ್ಮ ಮನಿಯಾಗ ಏನಿಟ್ಟೀ?”

ಗೋಡೆಗೇ ಹೇಳಿದ: “ನಮ್ಮನ್ಯಾಗ ಪಾಸ್‌ವರ್ಡ್ ಇಟ್ಟಿಲ್ರಿ ಅಮ್ಮಾರ. ನಮ್ಮವ್ವಗ ಒತ್ತಾಕ ಬರಂಗಿಲ್ಲ.”

೨. ಕುಂಚಿಗಿ

ನಮ್ಮ ಅತ್ತೆಗೆ ಎಂಬತ್ತು ದಾಟಿದೆ. ಪೆಟ್ಟಿಗೆಯ ಹಸಿರು ದೀಪ ಅವರಿಗೆ ಸರಿಬರಲಿಲ್ಲ.

“ನಾವು ಮಾತಾಡಿದಾಗ ಕಣ್ಣು ಮಿಟುಕಸತೈತಿ ನೋಡವಾ. ಎಲ್ಲಾ ಕೇಳಾಕತ್ತೈತಿ ಅದು.”

“ಅದು ಬರೀ ದೀಪ ರೀ ಅತ್ತಿ. ನಾವು ಸುಮ್ಮನ ಕುಂತ್ರೂ ಮಿಟುಕಸತೈತಿ.”

“ಹಂಗಾರ ಸುಮ್ಮನ ಕುಂತವ್ರನ್ನೂ ಬಿಡೂದಿಲ್ಲಂತಾತು.”

ಆ ಮಾತನ್ನು ಹಾಗೆಯೇ ಪುಸ್ತಕದಲ್ಲಿ ಬರೆದುಕೊಂಡೆ. ಅತ್ತೆ ಮಾತ್ರ ಬರೆಯುತ್ತ ಕೂರುವವರಲ್ಲ. ತಮ್ಮ ಹಳೆಯ ಟ್ರಂಕು ತೆಗೆದು, ಮೊಮ್ಮಗಳು ಕೂಸಿದ್ದಾಗ ತಲೆಗೆ ಕಟ್ಟುತ್ತಿದ್ದ ಕುಂಚಿಗಿಯನ್ನು ಹುಡುಕಿ, ಯಂತ್ರಕ್ಕೆ ತೊಡಿಸಿ, ಗದ್ದದ ಕೆಳಗೆ ಗಂಟು ಹಾಕುವಂತೆ ಲಾಡಿ ಬಿಗಿದರು. ಎರಡು ದಿನ ಆಗುವಷ್ಟರಲ್ಲಿ ಫೋನಿನಲ್ಲಿ ಮಾತು ಕಡಿದು ಕಡಿದು ಬರತೊಡಗಿತು. ಮತ್ತೆ ಮೆಕ್ಯಾನಿಕ್ ಬಂದ. ಕುಂಚಿಗಿ ಬಿಚ್ಚಿ ಪೆಟ್ಟಿಗೆ ಮುಟ್ಟಿದವನೇ ಕೈ ಕೊಡವಿದ.

“ಅಮ್ಮಾರ, ಮೈ ಸುಡಾಕತ್ತೈತ್ರಿ ಇದರದು!”

ಅತ್ತೆ ಎದ್ದು ನಿಂತರು. “ನಾನೂ ಅದನ್ನ ಅಂತೀನಿ. ಇಂಥಾ ಜಡ್ಡಿನ ಕೂಸನ್ನ ನಮ್ಮನಿಗೆ ಯಾಕ ತಂದಿಟ್ಟಿ?”

೩. ಮೊದಲು ನಿಮ್ಮದು ಹೇಳ್ರಿ

ವಾರದೊಳಗೆ ಒಬ್ಬ ಫೋನ್ ಮಾಡಿದ. “ನಿಮ್ಮ ಕನೆಕ್ಷನ್ ಬಂದ್ ಆಗ್ತೈತಿ. ಆಧಾರ್ ನಂಬರ್ ಹೇಳಿ, ಬಂದ ಓಟಿಪಿ ಹೇಳಿ.”

ನಾನು ನೋಟ್‌ಬುಕ್ ಬಿಚ್ಚಿದೆ. “ಬರ್ಕೋತೀನಿ, ಮೊದಲು ನಿಮ್ಮದು ಹೇಳ್ರಿ. ಹೆಸರು? ತಂದಿ ಹೆಸರು? ಊರು, ತಾಲೂಕು?” ಹೆಸರೊಂದು ಹೇಳಿದ. ತಂದೆಯ ಹೆಸರಿಗೆ ತಡವರಿಸಿದ. “ಮನಿ ದೇವ್ರು ಯಾವುದು?” ಎನ್ನುವಷ್ಟರಲ್ಲಿ ಫೋನ್ ಇಟ್ಟೇಬಿಟ್ಟ. ಆ ದಿನ ಪುಸ್ತಕದಲ್ಲಿ ಕೆಂಪು ಶಾಯಿಯಿಂದ ‘ಕಳ್ಳ’ ಎಂದು ಬರೆದು ಅಡಿಗೆರೆ ಎಳೆದೆ.

ಮರುದಿನ ಇನ್ನೊಬ್ಬರು. “ಕೊಪ್ಪಳ ಆಫೀಸಿನಿಂದ ರೀ. ನಿಮ್ಮ ಹಳೇ ನಂಬರ ಹೊಸ ಫೋನಿಗೆ ತರಬೇಕಂದ್ರ ನೀವ ಅರ್ಜಿ ಕೊಟ್ಟೀರಿ ಅನ್ನೂದು ಖಾತ್ರಿ ಆಗಬೇಕು. ಶನಿವಾರ ಕಡೀ ದಿನ.”

ಅವೇ ಪ್ರಶ್ನೆ ಕೇಳಿದೆ. ಆ ಮನುಷ್ಯ ಒಂದಕ್ಕೂ ತಡವರಿಸಲಿಲ್ಲ. ತಂದೆಯ ಹೆಸರು, ತಾಲೂಕು, ಮನೆದೇವರು ಎಲ್ಲ ಹೇಳಿ, ಹೆಂಡತಿಯ ತವರು ಗಂಗಾವತಿ ಎಂಬುದನ್ನೂ ಕೇಳದೆಯೇ ಸೇರಿಸಿದರು. ಬರೆದುಕೊಂಡು ಫೋನ್ ಇಟ್ಟುಬಿಟ್ಟೆ.

ಯಜಮಾನರು ಗಾಬರಿಯಾದರು. “ಯಾಕ ಇಟ್ಟಿ? ಎಲ್ಲಾ ಬರೋಬ್ಬರಿ ಹೇಳಿದ್ರಲ್ಲ?”

“ಅದಕ್ಕ ಸಂಶಯ,” ಎಂದೆ. “ಆಫೀಸಿನವ್ರು ಯಾವಾಗ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಾರ?”

೪. ಸಂಜೆಯ ಪಾಠ

ಶನಿವಾರ ಆ ಅಧಿಕಾರಿ ತಾವೇ ಬಸ್ ಹತ್ತಿ ನಮ್ಮ ಮನೆಗೆ ಬಂದರು. ಬೆವರು ಒರೆಸಿಕೊಳ್ಳುವ ಮೊದಲೇ ನಾನು ನೋಟ್‌ಬುಕ್ ಹಿಡಿದು ಎಲ್ಲ ಪ್ರಶ್ನೆಗಳನ್ನೂ ಮೊದಲಿನಿಂದ ಕೇಳಿದೆ. ಒಂದೊಂದೂ ತಾಳೆಯಾಯಿತು, ಗಂಗಾವತಿಯ ತವರಿನ ಸಮೇತ. ಆಗಲೇ ಚಹಾ ಇಟ್ಟದ್ದು.

ನನ್ನ ಗುರುತಿನ ಚೀಟಿ ನೋಡಿ ಅವರು ಮೊಬೈಲ್ ತೆಗೆದರು. ಖಾತ್ರಿ ಮಾಡಿದ ಅರ್ಜಿಯನ್ನು ಈಗಿಂದೀಗ ಕಳಿಸಬೇಕು. ಸಿಗ್ನಲ್ ಇಲ್ಲದ ಓಣಿ. ನಮ್ಮ ಮನೆಯ ನೆಟ್ಟೇ ಗತಿ. ನನಗೆ ಧರ್ಮಸಂಕಟ. ಪಾಸ್‌ವರ್ಡ್ ಹೇಳದಿದ್ದರೆ ನಂಬರು ಹೋಗುತ್ತದೆ. ಹೇಳಿದರೆ ಗುಟ್ಟು ಹೋಗುತ್ತದೆ. ಎಲ್ಲವನ್ನೂ ಬರೆದಿಡುವ ನಾನು, ಪುಸ್ತಕ ಕಳ್ಳರ ಕೈಗೆ ಸಿಕ್ಕೀತೆಂದು ಅದೊಂದನ್ನು ಮಾತ್ರ ಎಲ್ಲೂ ಬರೆದಿರಲಿಲ್ಲ. ದಿನಾ ಸಂಜೆ ದೀಪ ಹಚ್ಚಿದ ಮೇಲೆ ಯಜಮಾನರನ್ನೂ ಅತ್ತೆಯನ್ನೂ ಹೊರಗಿನ ಕಟ್ಟೆಯ ಮೇಲೆ ಕೂರಿಸಿ, ಮಗ್ಗಿ ಹೇಳಿಸಿದಂತೆ ರಾಗವಾಗಿ ಬಾಯಿಪಾಠ ಮಾಡಿಸುತ್ತಿದ್ದೆ. ಅಷ್ಟು ಕಷ್ಟಪಟ್ಟು ಕಾದದ್ದನ್ನು ಹೀಗೆ ಕೊಡುವುದೇ?

“ಮೊಬೈಲ್ ನನ್ನ ಕೈಯಾಗ ಕೊಡ್ರಿ,” ಎಂದೆ. “ನೀವು ಗ್ವಾಡಿ ಕಡೆ ಮುಖ ಮಾಡಿ ನಿಂದ್ರಿ.”

“ಬ್ಯಾಡ್ರಿ ಅಮ್ಮಾರ,” ಎಂದರು ಅವರು ಚಹಾ ಕುಡಿಯುತ್ತ. “ಅರ್ಜಿ ಆಗಲೇ ಹೋತು. ನಂಬರ್ ನಿಮ್ಮದ ಉಳೀತು.”

“ಪಾಸ್‌ವರ್ಡ್?”

“ಮೂಲಿಮ್ಯಾಲಿನ ಕಿರಾಣಿ ಅಂಗಡಿಯಾಗ ನಿಮ್ಮ ಮನಿ ಕೇಳಿದ್ನಿರಿ. ಮನಿ ತೋರಿಸಿದ್ರು, ‘ಆ ಮನಿಯಾಗ ಸಿಗ್ನಲ್ ಇರಂಗಿಲ್ಲ, ಅವರದ ನೆಟ್ಟು ಹಾಕ್ಕೋರಿ’ ಅಂತ ಪಾಸ್‌ವರ್ಡೂ ಕೊಟ್ರು. ಭಾಳ ಛಲೋ ರಾಗದಾಗ ಹೇಳಿದ್ರು.”

ನಾನು ಸೆರಗು ಕಟ್ಟಿ ಅಂಗಡಿಗೆ ನಡೆದೆ. ಅಂಗಡಿಯಾಕೆ ಬೇಳೆ ತೂಗುತ್ತಲೇ ಹೇಳಿದಳು: “ನೀವ ದಿನಾ ಸಂಜಿಗೆ ಕಲಸ್ತೀರಲ್ರಿ ಅಕ್ಕಾರ! ಇಡೀ ಓಣಿಗೆ ಬರತೈತಿ. ನಿಮ್ಮ ಯಜಮಾನ್ರಿಗೆ ಒಬ್ರಿಗೇ ಬರಂಗಿಲ್ಲ. ಇನ್ನೂ ಆರನೇ ಅಕ್ಷರದಾಗ ತಪ್ಪತಾರ.”

ಅವತ್ತೇ ಪಾಸ್‌ವರ್ಡ್ ಬದಲಿಸಿದೆ. ಈ ಸಲ ಅಕ್ಷರ ಇಪ್ಪತ್ತು, ತಿಳಿದವಳು ನಾನೊಬ್ಬಳೇ. ಪುಸ್ತಕದ ಮೊದಲ ಪುಟದ ಎರಡೂ ನಿಶ್ಚಯಗಳ ಎದುರು ಸರಿ ಗುರುತು ಹಾಕಿ, ಸಂಜೆ ದೀಪ ಹಚ್ಚಿ, ನೆಮ್ಮದಿಯಿಂದ ಹೊರಗೆ ಬಂದೆ.

ಕಟ್ಟೆಯ ತುಂಬ ಓಣಿಯವರು. ಎಲ್ಲರ ಕೈಯಲ್ಲೂ ಮೊಬೈಲು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಅಂಗಡಿಯಾಕೆ ಕೇಳಿದಳು:

“ಹೊಸ ಪಾಠ ಚಾಲೂ ಮಾಡ್ರಿ ಅಕ್ಕಾರ. ಮಧ್ಯಾಹ್ನದಿಂದ ನೆಟ್ಟಿಲ್ಲ.”